ತಲೆದಿಂಬಿನ ಕೆಳಗಿನ ಗುಳಿಗೆ

ನಿದ್ರೆಯು ಹಣ ಕೊಟ್ಟು ಕೊಳ್ಳಲಾಗದ ಸಂಪತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲರೂ ಬೆಳೆದಿದ್ದೇವೆ. ಆದರೆ ಚಿಂತೆ ಇಲ್ಲದ ಮನೆ ಯಾವುದು? ಮಗಳ ಮದುವೆ, ಮಗನ ನೌಕರಿ, ಹೊಲದ ಸಾಲ, ಅಗಲಿದವರ ನೆನಪು, ಮೈಯೊಳಗಿನ ಬೇನೆ ಇವುಗಳಲ್ಲಿ ಒಂದಾದರೂ ಇಲ್ಲದ ಮನೆಯನ್ನು ಹುಡುಕುವುದು ಸಾವಿಲ್ಲದ ಮನೆಯ ಸಾಸಿವೆ ತಂದಷ್ಟೇ ಕಷ್ಟ. ಆದ್ದರಿಂದಲೇ ಇಂದು ಅನೇಕ ಮನೆಗಳಲ್ಲಿ ಹಿರಿಯರ ತಲೆದಿಂಬಿನ ಕೆಳಗೆ, ಕನ್ನಡಕದ ಪೆಟ್ಟಿಗೆಯೊಳಗೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ನಿದ್ದೆಯ ಗುಳಿಗೆಯ ಪಟ್ಟಿಯೊಂದು ಸದ್ದಿಲ್ಲದೆ ಸ್ಥಾನ ಪಡೆದುಕೊಂಡಿದೆ. ಅಂಥ ಗುಳಿಗೆಯೊಂದು ನಮ್ಮ ಮನೆಯಲ್ಲಿಯೂ ಹತ್ತು ವರ್ಷ ಇದ್ದಿತು. ಅದರ ಕಥೆಯನ್ನು ಓದುಗ ಬಂಧುಗಳ ಮುಂದೆ ಇಡುವುದೇ ಈ ಬರಹದ ಉದ್ದೇಶ.

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಇಬ್ಬರೂ ಮಾಸ್ತರಿಕೆ ಮಾಡಿ ನಿವೃತ್ತರಾದವರು. ವೈದ್ಯಶಾಸ್ತ್ರ ಓದಿದವರಲ್ಲ. ಇಲ್ಲಿ ಬರೆದಿರುವುದರಲ್ಲಿ ಸ್ವಲ್ಪ ಭಾಗ ನಾವು ಕಂಡುಂಡದ್ದು, ಉಳಿದದ್ದು ಆನಂತರ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದು. ಮೊದಲೇ ತಿಳಿದುಕೊಳ್ಳಬೇಕಾಗಿತ್ತು ಎಂಬ ಪಶ್ಚಾತ್ತಾಪವೇ ನಮ್ಮಿಂದ ಇದನ್ನು ಬರೆಸುತ್ತಿದೆ.

2009ರ ಕಾರ್ತಿಕ ಮಾಸದಲ್ಲಿ ನಮ್ಮ ಮನೆಯ ಹಿರಿಯರಾದ ಅಪ್ಪಾಜಿಯವರು ಲಿಂಗೈಕ್ಯರಾದರು. ಆಗ ಅವ್ವನಿಗೆ ಅರವತ್ತೇಳು ವರ್ಷ. ನಲವತ್ತೆಂಟು ವರ್ಷ ಕೂಡಿ ಬಾಳಿದ ಜೀವ ಹಗಲೆಲ್ಲ ಬಂದು ಹೋಗುವವರ ನಡುವೆ ಹೇಗೋ ಧೈರ್ಯದಿಂದ ಇರುತ್ತಿತ್ತು. ರಾತ್ರಿಯಾದೊಡನೆ ಅವ್ವ ಹಾಸಿಗೆಯ ಮೇಲೆ ಎದ್ದು ಕುಳಿತುಬಿಡುತ್ತಿದ್ದಳು. ನಡುರಾತ್ರಿ ಪಡಸಾಲೆಯ ದೀಪ ಹಚ್ಚುವಳು, ಬಾಗಿಲ ಅಗಳಿ ತೆಗೆದು ನೋಡುವಳು, ಮತ್ತೆ ಬಂದು ಕೂಡುವಳು. ನಮಗೆ ಬೆಳಿಗ್ಗೆ ಶಾಲೆ, ಮಕ್ಕಳಿಗೆ ಪರೀಕ್ಷೆ. ಮೂರು ವಾರ ಕಳೆದ ಮೇಲೆ ಊರಿನ ವೈದ್ಯರ ಬಳಿಗೆ ಕರೆದೊಯ್ದೆವು. ಅವರು ಆಲ್ಪ್ರಜೋಲಾಮ್ ಎಂಬ ಗುಳಿಗೆಯನ್ನು ಕಾಲು ಮಿಲಿಗ್ರಾಂ ಪ್ರಮಾಣದಲ್ಲಿ ಹತ್ತು ದಿನಕ್ಕೆ ಬರೆದುಕೊಟ್ಟರು. ಹತ್ತು ದಿನ ಎಂದು ಸ್ಪಷ್ಟವಾಗಿಯೇ ಬರೆದಿದ್ದರು. ಆ ಚೀಟಿ ಇಂದಿಗೂ ನಮ್ಮ ಹತ್ತಿರ ಇದೆ.

ಅಂದಿನ ರಾತ್ರಿ ಅವ್ವ ಮಲಗಿದಳು, ನಾವೂ ಮಲಗಿದೆವು. ಮನೆಗೆ ಮನೆಯೇ ನಿಟ್ಟುಸಿರು ಬಿಟ್ಟಿತು.

ಹತ್ತು ದಿನ ಮುಗಿದ ಮೇಲೆ ಒಂದು ರಾತ್ರಿ ಗುಳಿಗೆ ಇಲ್ಲದೆ ಮಲಗಿ ನೋಡಿದಳು. ನಿದ್ರೆ ಬರಲಿಲ್ಲ. ಮರುದಿನ ನಾವು ಪೇಟೆಗೆ ಹೊರಟಾಗ, “ತಮ್ಮಾ, ಗುಳಿಗಿ ತೀರ‍್ಯಾವ ನೋಡು. ಬರೂಮುಂದ ಮರೀದ ತೊಗೊಂಡು ಬಾ” ಎಂದಳು. ತಂದೆವು. ಅಂದಿನಿಂದ ಕಿರಾಣಿ ಚೀಟಿಯಲ್ಲಿ ಎಣ್ಣೆ, ಬೆಲ್ಲ, ಊದಿನಕಡ್ಡಿಗಳ ಕೆಳಗೆ ‘ಅವ್ವನ ಗುಳಿಗೆ’ ಎಂಬುದೂ ಒಂದು ಸಾಮಾನಾಯಿತು. ಎರಡು ವರ್ಷ ಕಳೆಯುವುದರೊಳಗೆ ಕಾಲು ಮಿಲಿಗ್ರಾಂ ಸಾಲದೆ ಅರ್ಧವಾಯಿತು, ಏಳನೆಯ ವರ್ಷಕ್ಕೆ ಒಂದು ಮಿಲಿಗ್ರಾಂ ಆಯಿತು. ಹೆಚ್ಚಿಸಿದವರು ವೈದ್ಯರಲ್ಲ, ನಾವೇ. “ಒಂದರಾಗ ಕಣ್ಣ ಹತ್ತವಲ್ದು” ಎಂದು ಅವ್ವ ಹೇಳಿದಾಗ “ಎರಡು ತೊಗೊ ಅವ್ವಾ” ಎಂದವರು ನಾವು.

ಇನ್ನೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಲಗ್ನದ ಮನೆಗೆ ಹೋದಾಗ ಬೀಗರು, “ಹೊಸಾ ಜಾಗ, ನಿದ್ದಿ ಬರೂದಿಲ್ರಿ, ಒಂದ ಗುಳಿಗಿ ಇದ್ದರ ಕೊಡ್ರಿ” ಎಂದು ಕೇಳುವರು. ಅವ್ವ ಎಲೆ ಅಡಿಕೆ ಕೊಟ್ಟಷ್ಟು ಸಹಜವಾಗಿ ಪಟ್ಟಿಯಿಂದ ಒಂದನ್ನು ಒಡೆದು ಕೊಡುವಳು. ಯಾರೂ ಅದನ್ನು ಔಷಧವೆಂದು ಭಾವಿಸಿರಲಿಲ್ಲ.

ಈ ಹತ್ತು ವರ್ಷಗಳಲ್ಲಿ ಅವ್ವ ನಿಧಾನವಾಗಿ ಬದಲಾದಳು. ನಸುಕಿನಲ್ಲಿ ಐದಕ್ಕೆ ಎದ್ದು ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸುತ್ತಿದ್ದವಳು ಎಂಟಾದರೂ ಮಬ್ಬಿನಲ್ಲಿ ಕುಳಿತಿರುವಳು. ಪೂಜೆಗೆ ಕುಳಿತರೆ ಅಲ್ಲಿಯೇ ತೂಕಡಿಕೆ. ಅಂಗಳದಲ್ಲಿ ನಡೆಯುವಾಗ ಗೋಡೆ ಹಿಡಿಯುವಳು. ಒಲೆಯ ಮೇಲೆ ಹಾಲಿಟ್ಟು ಮರೆಯುವಳು, ಮೊಮ್ಮಗನ ಹೆಸರನ್ನು ಮಗನಿಗೆ ಹಚ್ಚಿ ಕರೆಯುವಳು. ಎಲ್ಲಕ್ಕಿಂತ ಹೆಚ್ಚಾಗಿ, ಅಳುವುದನ್ನೂ ನಗುವುದನ್ನೂ ಕಡಿಮೆ ಮಾಡಿದ್ದಳು. ‘ಅರವತ್ತಕ್ಕೆ ಅರಳು ಮರಳು’ ಎಂಬ ಸಿದ್ಧ ಉತ್ತರವೊಂದು ನಮ್ಮ ಬಳಿ ಇದ್ದಿತು. ವಯಸ್ಸಾಯಿತು ಎಂದು ಸಮಾಧಾನ ಹೇಳಿಕೊಂಡೆವು.

ಆ ರಾತ್ರಿ

2019ರ ಜನವರಿಯ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಹಿತ್ತಲ ಕಡೆಯಿಂದ ಸದ್ದು ಕೇಳಿ ಓಡಿದೆವು. ಬಚ್ಚಲಿಗೆ ಹೊರಟ ಅವ್ವ ಹೊಸ್ತಿಲ ಬಳಿ ಬಿದ್ದಿದ್ದಳು. ಬಲಗಾಲು ತಿರುಗಿತ್ತು. ಸಮೀಪದ ನಗರದ ಆಸ್ಪತ್ರೆಗೆ ಒಯ್ದೆವು. ತೊಡೆಯ ಮೂಳೆ ಸೊಂಟದ ಬಳಿ ಮುರಿದಿದೆಯೆಂದು ಹೇಳಿ ಮರುದಿನವೇ ಶಸ್ತ್ರಚಿಕಿತ್ಸೆ ಮಾಡಿದರು. ಯಾವ ಯಾವ ಔಷಧ ನಡೆದಿದೆ ಎಂದು ಕೇಳಿದಾಗ ರಕ್ತದೊತ್ತಡದ ಗುಳಿಗೆಯ ಹೆಸರು ಹೇಳಿದೆವು. ನಿದ್ದೆಯ ಗುಳಿಗೆಯ ಮಾತು ನಮಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಸಂಜೆ ಅವ್ವನ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ಹಾಸಿಗೆಯ ಮೇಲಿನ ಇಲ್ಲದ ಇರುವೆಗಳನ್ನು ಆರಿಸಿ ಆರಿಸಿ ಕೆಳಗೆ ಹಾಕುವಳು. ನಡುರಾತ್ರಿ ಸೊಸೆಯ ಕೈ ಹಿಡಿದು, “ಯವ್ವಾ, ನಿಮ್ಮ ಮಾವನವರು ಹೊರಗ ನಿಂತಾರ, ಕದಾ ತಗಿ” ಎಂದಳು. ಪಕ್ಕದ ಹಾಸಿಗೆಯವರು “ಹಿರ‍್ಯಾರ ಕಾಲ ಹತ್ತರ ಬಂತು” ಎಂದು ಪಿಸುಗುಟ್ಟಿದರು. ನಾವೂ ಹಾಗೆಯೇ ತಿಳಿದು ಅಣ್ಣ ತಂಗಿಯರಿಗೆಲ್ಲ ಫೋನು ಮಾಡಿ ಕರೆಸಿದೆವು.

ರಾತ್ರಿಯ ಪಾಳಿಗೆ ಬಂದ ತರುಣ ವೈದ್ಯೆಯೊಬ್ಬರು ಅವ್ವನ ಕೈಯನ್ನು ಬಹಳ ಹೊತ್ತು ನೋಡಿ, “ಅಜ್ಜಿಯವರು ಮನ್ಯಾಗ ರಾತ್ರಿ ನಿದ್ದಿಗೆ ಅಂತ ಏನರೆ ಗುಳಿಗಿ ತೊಗೋತಿದ್ರೇನ್ರಿ?” ಎಂದು ಕೇಳಿದರು. ಹೌದೆಂದೆವು. ಎಷ್ಟು ವರ್ಷದಿಂದ ಎಂದರು. ಹತ್ತು ವರ್ಷ ಎಂದಾಗ ಅವರು ಒಂದು ಕ್ಷಣ ಮಾತಾಡಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ವೃದ್ಧರಲ್ಲಿ ಇಂಥ ಭ್ರಮೆ ಬೇರೆ ಕಾರಣಗಳಿಂದಲೂ ಬರುವುದುಂಟು, ಆದರೆ ದೀರ್ಘಕಾಲ ನಡೆದ ಈ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೂ ಹೀಗೆಯೇ ಆಗುತ್ತದೆ, ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾಗುವುದುಂಟು ಎಂದು ವಿವರಿಸಿದರು. ಗುಳಿಗೆಯನ್ನು ಮತ್ತೆ ಆರಂಭಿಸಿದರು. ಎರಡು ದಿನದಲ್ಲಿ ಅವ್ವ ನಮ್ಮನ್ನೆಲ್ಲ ಗುರುತಿಸಿ, “ಯಾಕ ಎಲ್ಲಾರೂ ಕೂಡಿ ಬಂದೀರಿ?” ಎಂದು ಕೇಳಿದಳು.

ನಾವು ಉತ್ತರಿಸಲಾರದೆ ತಲೆ ತಗ್ಗಿಸಿದೆವು. ಹತ್ತು ವರ್ಷ ಪ್ರತಿ ತಿಂಗಳು ಆ ಪಟ್ಟಿಯನ್ನು ತಂದುಕೊಟ್ಟ ಕೈ ನಮ್ಮದು. ಆಸ್ಪತ್ರೆಯಲ್ಲಿ ಅದರ ಹೆಸರನ್ನು ಹೇಳದೆ ಉಳಿದ ಬಾಯಿಯೂ ನಮ್ಮದೇ.

ಈ ಔಷಧಗಳು ಬಂದ ಬಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾರ್ಬಿಟ್ಯುರೇಟ್ ಎಂಬ ವರ್ಗದ ಔಷಧಗಳು ನಿದ್ರೆಗೆಂದು ಬಳಕೆಗೆ ಬಂದವು. ಅವು ಪ್ರಬಲವಾಗಿದ್ದವು. ಪ್ರಮಾಣ ತುಸು ಮೀರಿದರೂ ಉಸಿರು ನಿಲ್ಲುವ ಭಯವಿತ್ತು. 1950ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ ತಯಾರಿಸಿ ಮೂಲೆಗಿಟ್ಟಿದ್ದ ವಸ್ತುವೊಂದು 1957ರಲ್ಲಿ ಪ್ರಯೋಗಶಾಲೆಯನ್ನು ಸ್ವಚ್ಛಗೊಳಿಸುವಾಗ ಕಣ್ಣಿಗೆ ಬಿದ್ದಿತು. ಅದನ್ನು ಪರೀಕ್ಷೆಗೆ ಒಡ್ಡಿದಾಗ ಉದ್ವೇಗವನ್ನು ಶಮನಗೊಳಿಸುವ ಗುಣ ಕಂಡಿತು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವೇಲಿಯಂ ಎಂಬ ಹೆಸರುಗಳಿಂದ ಈ ಹೊಸ ವರ್ಗದ ಔಷಧಗಳು ಮಾರುಕಟ್ಟೆಗೆ ಬಂದವು. ಇವುಗಳಿಗೆ ಬೆಂಜೋಡಯಾಜೆಪೀನ್ ಎಂದು ಹೆಸರು. ಡಯಾಜೆಪಾಮ್, ನೈಟ್ರಜೆಪಾಮ್, ಲೋರಜೆಪಾಮ್, ಕ್ಲೋನಜೆಪಾಮ್, ನಮ್ಮ ಅವ್ವನ ಆಲ್ಪ್ರಜೋಲಾಮ್ ಎಲ್ಲವೂ ಇದೇ ಕುಲದವು.

ಹಳೆಯವುಗಳಿಗೆ ಹೋಲಿಸಿದರೆ ಇವುಗಳಿಂದ ಹಠಾತ್ ಪ್ರಾಣಾಪಾಯ ಕಡಿಮೆಯಾಗಿದ್ದುದರಿಂದ ಜಗತ್ತು ಇವನ್ನು ಎರಡೂ ಕೈ ಚಾಚಿ ಸ್ವಾಗತಿಸಿತು. 1978ರಲ್ಲಿ ವೇಲಿಯಂ ಗುಳಿಗೆಗಳು ಇನ್ನೂರು ಕೋಟಿಗೂ ಮಿಕ್ಕಿ ಮಾರಾಟವಾದವು. ಅಷ್ಟರಲ್ಲಿ ಇದರ ಇನ್ನೊಂದು ಮುಖವೂ ಕಾಣತೊಡಗಿತ್ತು. ಬ್ರಿಟನ್ನಿನ ನ್ಯೂಕ್ಯಾಸಲ್ ನಗರದಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ, ಈ ಗುಳಿಗೆಗಳನ್ನು ಬಿಡಲಾಗದೆ ಬಳಲುವವರಿಗಾಗಿಯೇ ಒಂದು ಚಿಕಿತ್ಸಾಲಯವನ್ನು ನಡೆಸಿದರು. ನಿಧಾನವಾಗಿ ಬಿಡಿಸುವ ಕ್ರಮವನ್ನು ಅವರು ಬರೆದಿಟ್ಟದ್ದು ಇಂದಿಗೂ ಅನೇಕರಿಗೆ ದಾರಿದೀಪವಾಗಿದೆ. 1988ರಲ್ಲಿಯೇ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಇವನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಕೊಡಬಾರದೆಂದು ವೈದ್ಯರಿಗೆ ಸಲಹೆ ನೀಡಿತ್ತು. ನಾವು ಹತ್ತು ವರ್ಷ ಕೊಟ್ಟೆವು.

ನಮ್ಮ ಮಿದುಳಿನಲ್ಲಿ ನರಕೋಶಗಳ ಆವೇಗವನ್ನು ತಗ್ಗಿಸುವ ಗಾಬಾ ಎಂಬ ರಸವಿದೆ. ಬಂಡಿಗೆ ಇಳಿಜಾರಿನಲ್ಲಿ ಹಾಕುವ ತಡೆಯಂತೆ ಅದು ಕೆಲಸ ಮಾಡುತ್ತದೆ. ಈ ಗುಳಿಗೆಗಳು ಆ ತಡೆಯ ಬಲವನ್ನು ಹೆಚ್ಚಿಸುತ್ತವೆ. ಆದ್ದರಿಂದ ಮನಸ್ಸು ಶಾಂತವಾಗುತ್ತದೆ, ಸ್ನಾಯುಗಳು ಸಡಿಲಗೊಳ್ಳುತ್ತವೆ, ಕಣ್ಣು ಮುಚ್ಚುತ್ತದೆ. ಆದರೆ ದಿನವೂ ಹೊರಗಿನಿಂದ ತಡೆ ಬೀಳುತ್ತಿದ್ದರೆ ಮಿದುಳು ಅದಕ್ಕೆ ಒಗ್ಗಿಕೊಂಡು ತನ್ನ ಸಹಜ ತಡೆಯನ್ನು ದುರ್ಬಲಗೊಳಿಸಿಕೊಳ್ಳುತ್ತದೆ. ಆಗ ಮೊದಲಿನ ಪ್ರಮಾಣ ಸಾಲದಾಗುತ್ತದೆ. ಹೊರಗಿನ ತಡೆಯನ್ನು ಥಟ್ಟನೆ ತೆಗೆದರೆ ಬಂಡಿ ಇಳಿಜಾರಿನಲ್ಲಿ ಉರುಳುತ್ತದೆ. ಹತ್ತು ದಿನದ ನಂತರ ಅವ್ವನಿಗೆ ನಿದ್ರೆ ಬಾರದಿದ್ದುದಕ್ಕೂ, ಆಸ್ಪತ್ರೆಯ ಮೂರನೆಯ ರಾತ್ರಿಯ ಭ್ರಮೆಗೂ ಇದೇ ಕಾರಣ. ಮೊದಲನೆಯದನ್ನು ಕಂಡು, ಗುಳಿಗೆ ಇಲ್ಲದೆ ಅವ್ವನಿಗೆ ನಿದ್ರೆಯೇ ಇಲ್ಲ ಎಂದು ನಾವು ತೀರ್ಮಾನಿಸಿದ್ದೆವು. ಕೆಲವು ರಾತ್ರಿ ತಾಳ್ಮೆಯಿಂದ ಜೊತೆಗೆ ಕುಳಿತಿದ್ದರೆ ಅದು ಅಲ್ಲಿಯೇ ಮುಗಿಯಬಹುದಾಗಿತ್ತು.

ದೀರ್ಘಕಾಲದ ಅಪಾಯಗಳು

ದೀರ್ಘಕಾಲ ಸೇವಿಸುವವರಿಗೆ, ಅದರಲ್ಲಿಯೂ ಅರವತ್ತೈದು ದಾಟಿದವರಿಗೆ, ಇವುಗಳಿಂದ ಆಗುವ ಕೇಡುಗಳನ್ನು ತಿಳಿದಷ್ಟು ಹೇಳುತ್ತೇವೆ. ವಯಸ್ಸಾದಂತೆ ದೇಹವು ಔಷಧವನ್ನು ಹೊರಹಾಕುವ ವೇಗ ಕುಂದುತ್ತದೆ. ರಾತ್ರಿ ನುಂಗಿದ್ದರ ಮಬ್ಬು ಮರುದಿನವೂ ಉಳಿಯುತ್ತದೆ. ನಡಿಗೆಯ ಸಮತೋಲ ತಪ್ಪುತ್ತದೆ. ಬೀಳುವುದು, ಸೊಂಟದ ಮೂಳೆ ಮುರಿಯುವುದು ಈ ಗುಳಿಗೆ ಸೇವಿಸುವ ವೃದ್ಧರಲ್ಲಿ ಹೆಚ್ಚು. ಅಮೆರಿಕದ ವೃದ್ಧರೋಗ ತಜ್ಞರ ಸಂಘವು ಹಿರಿಯರಿಗೆ ಕೊಡದೆ ಇರುವುದೇ ಲೇಸೆಂದು ಪಟ್ಟಿ ಮಾಡಿರುವ ಔಷಧಗಳಲ್ಲಿ ಇವೂ ಸೇರಿವೆ. ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ವಾಹನ ನಡೆಸುವವರಿಗೆ ಅಪಘಾತದ ಭಯ ಹೆಚ್ಚುತ್ತದೆ. ನಿದ್ರೆಯ ಹೊತ್ತು ಹೆಚ್ಚಾದಂತೆ ಕಂಡರೂ ಗಾಢ ನಿದ್ರೆಯ ಪಾಲು ಕಡಿಮೆಯಾಗುತ್ತದೆ. ಉಬ್ಬಸ, ಗೊರಕೆಯಲ್ಲಿ ಉಸಿರು ಕಟ್ಟುವ ಬೇನೆ ಇದ್ದವರಿಗೆ ಉಸಿರಾಟ ಮತ್ತಷ್ಟು ಕುಂದಬಹುದು. ಮದ್ಯದೊಡನೆ ಅಥವಾ ಅಫೀಮಿನ ವರ್ಗದ ನೋವಿನ ಔಷಧಗಳೊಡನೆ ಸೇರಿದರೆ ಉಸಿರೇ ನಿಲ್ಲಬಹುದು. ಇದಕ್ಕಾಗಿ 2016ರಲ್ಲಿ ಅಮೆರಿಕದ ಔಷಧ ಆಡಳಿತವು ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. 2020ರಲ್ಲಿ ದುರ್ಬಳಕೆ, ವ್ಯಸನ, ಶಾರೀರಿಕ ಅವಲಂಬನೆ, ಬಿಡುವಾಗಿನ ತೊಂದರೆ ಇವುಗಳ ಬಗೆಗೂ ಈ ವರ್ಗದ ಎಲ್ಲ ಔಷಧಗಳ ಮೇಲೆ ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು.

ಮರೆವಿನ ರೋಗದ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಬಾರದು. 2014ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ವೃದ್ಧರನ್ನು ಕುರಿತ ಅಧ್ಯಯನವೊಂದು, ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇವನ್ನು ಸೇವಿಸಿದವರಲ್ಲಿ ಆಲ್‌ಝೈಮರ್ ಕಾಯಿಲೆ ಹೆಚ್ಚಾಗಿ ಕಂಡಿದೆ ಎಂದು ಹೇಳಿತು. 2016ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನವು ಔಷಧವೇ ಕಾರಣ ಎಂಬುದಕ್ಕೆ ಆಧಾರ ಕಾಣಲಿಲ್ಲ. ಮರೆವಿನ ರೋಗ ಆರಂಭವಾಗುವ ಮುನ್ನವೇ ನಿದ್ರಾಹೀನತೆ, ಕಳವಳ ತೋರುವುದರಿಂದ ಗುಳಿಗೆ ತೆಗೆದುಕೊಂಡಿರಲೂಬಹುದು. ಆದ್ದರಿಂದ ಹೆದರಿಸುವುದು ಸಲ್ಲದು. ಆದರೆ ಮಬ್ಬು, ಮರೆವು, ಬೀಳುವಿಕೆಗಳ ಬಗೆಗೆ ಸಂಶಯವಿಲ್ಲ.

ಜೋಲ್ಪಿಡೆಮ್ ಮುಂತಾದ ಹೊಸ ನಿದ್ದೆಯ ಗುಳಿಗೆಗಳಿಂದ ಭಯವಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಮರುದಿನ ಬೆಳಿಗ್ಗೆಯೂ ಮಬ್ಬು ಉಳಿಯುವುದನ್ನು ಕಂಡು 2013ರಲ್ಲಿ ಅಮೆರಿಕದಲ್ಲಿ ಮಹಿಳೆಯರಿಗೆ ಅದರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಲಾಯಿತು. ನಿದ್ರೆಯಲ್ಲಿಯೇ ಎದ್ದು ನಡೆಯುವ, ವಾಹನ ಓಡಿಸುವ ಪ್ರಸಂಗಗಳಿಂದಾಗಿ 2019ರಲ್ಲಿ ಅದಕ್ಕೂ ಕಠಿಣ ಎಚ್ಚರಿಕೆ ಸೇರಿತು.

ಇಷ್ಟು ಹೇಳಿದ ಮಾತ್ರಕ್ಕೆ ಈ ಔಷಧಗಳು ವಿಷವೆಂದು ನಾವು ಸಾರುತ್ತಿಲ್ಲ. ಮೂರ್ಛೆರೋಗದಲ್ಲಿ, ಕುಡಿತ ಬಿಡಿಸುವಾಗ, ತೀವ್ರ ಭೀತಿಯ ಹೊತ್ತಿನಲ್ಲಿ, ಶಸ್ತ್ರಚಿಕಿತ್ಸೆಯ ಮುನ್ನ ಇವು ಪ್ರಾಣ ಉಳಿಸಿವೆ, ಸಂಕಟ ಕಳೆದಿವೆ. ವೈದ್ಯರು ಹತ್ತು ದಿನಕ್ಕೆ ಕೊಟ್ಟದ್ದನ್ನು ಹತ್ತು ವರ್ಷಕ್ಕೆ ಎಳೆದದ್ದು ನಮ್ಮ ಮನೆಯ ತಪ್ಪು.

ಕಾನೂನು ಮತ್ತು ನಮ್ಮ ಉಪಾಯ

ನಮ್ಮ ದೇಶದಲ್ಲಿ ಈ ಗುಳಿಗೆಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಮುಂತಾದವುಗಳನ್ನು ಎಚ್-1 ಎಂಬ ಅನುಸೂಚಿಗೆ ಸೇರಿಸಲಾಯಿತು. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವುಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಪಟ್ಟಿಯ ಮೇಲೆ ಕೆಂಪು ಗೆರೆಯ ಚೌಕಟ್ಟಿನಲ್ಲಿ ಎಚ್ಚರಿಕೆ ಇರಬೇಕು.

ಆ ವರ್ಷ ಔಷಧ ಅಂಗಡಿಯ ಹುಡುಗ, “ಸರ್, ಇನ್ನ ಹಿಂಗ ಕೊಡಾಕ ಬರೂದಿಲ್ರಿ. ಹೊಸಾ ಚೀಟಿ ಬೇಕ್ರಿ, ಪುಸ್ತಕದಾಗ ಬರೀಬೇಕಾಗೇತ್ರಿ” ಎಂದ. ಅವನು ಸರಿಯಾಗಿಯೇ ಹೇಳಿದ್ದ. ನಾವು ಸಿಟ್ಟಾದೆವು. ಪರಿಚಯದ ವೈದ್ಯರೊಬ್ಬರಿಂದ ಅವ್ವನನ್ನು ತೋರಿಸದೆಯೇ ಚೀಟಿ ಬರೆಸಿ ತಂದೆವು. ಆಮೇಲೆ ಪ್ರತಿ ಸಲವೂ ಹಾಗೆಯೇ ಮಾಡಿದೆವು. ನಮ್ಮ ತಾಯಿಯನ್ನು ಕಾಯಲೆಂದು ಮಾಡಿದ ನಿಯಮವನ್ನು ತಾಯಿಗಾಗಿಯೇ ಮುರಿಯುತ್ತಿದ್ದೇವೆ ಎಂಬ ಅರಿವು ನಮಗಿರಲಿಲ್ಲ.

ಬಿಡಿಸಿದ ಕ್ರಮ

ಮೂಳೆ ಕೂಡಿ, ಅವ್ವ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದ ಮೇಲೆ, 2019ರ ಏಪ್ರಿಲ್‌ನಲ್ಲಿ ಮನೋವೈದ್ಯರೊಬ್ಬರನ್ನು ಕಂಡೆವು. ಅವರು ಮೊದಲು ಹೇಳಿದ ಮಾತು: “ಅವಸರ ಮಾಡಬೇಡಿರಿ.” ಕಾಲು ಮಿಲಿಗ್ರಾಂ ಗುಳಿಗೆಯ ಅರ್ಧದಷ್ಟನ್ನು ಮಾತ್ರ ಕಡಿಮೆ ಮಾಡಿ, ಒಂದು ತಿಂಗಳು ಅಲ್ಲಿಯೇ ನಿಲ್ಲಿಸಿ, ಅವ್ವ ಹೊಂದಿಕೊಂಡ ಮೇಲೆ ಮುಂದಿನ ಮೆಟ್ಟಿಲು ಇಳಿಯುವುದು. 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಕೂಡಿ ಹೊರತಂದ ಮಾರ್ಗದರ್ಶಿಯೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೂರಕ್ಕೆ ಐದರಿಂದ ಹತ್ತು ಪಾಲಿನಂತೆ ಇಳಿಸಲು ಹೇಳುತ್ತದೆ. ಮೂರ್ಛೆರೋಗದವರಿಗೆ, ಬೇರೆ ಬೇನೆ ಉಳ್ಳವರಿಗೆ ಕ್ರಮವೇ ಬೇರೆ ಇರುತ್ತದೆ. ಆದ್ದರಿಂದ ನಮ್ಮ ಲೆಕ್ಕವನ್ನು ಯಾರೂ ತಮ್ಮ ಮನೆಗೆ ಅನ್ವಯಿಸಿಕೊಳ್ಳಬಾರದು.

ನಾವು ಆ ಮಾತನ್ನು ಒಮ್ಮೆ ಮೀರಿದೆವು. ಐದನೆಯ ತಿಂಗಳು ಎಲ್ಲವೂ ಚೆನ್ನಾಗಿದೆಯೆಂದು ಹಿಗ್ಗಿ ಎರಡು ಮೆಟ್ಟಿಲು ಒಟ್ಟಿಗೆ ಇಳಿಸಿದೆವು. ವಾರದೊಳಗೆ ಎದೆಬಡಿತ, ನಡುಕ, ಮೈ ಉರಿ. ಅವ್ವ, “ನನ್ನ ಸಾಯಾಕ ಬಿಟ್ಟೀರೇನು? ನನ್ನ ಗುಳಿಗಿ ನನಗ ಕೊಡ್ರಿ” ಎಂದು ಗೋಗರೆದಳು. ಹೆತ್ತ ತಾಯಿ ಒಂದು ಗುಳಿಗೆಗಾಗಿ ಮಗನ ಮುಂದೆ ಕೈಯೊಡ್ಡಿದ ಆ ರಾತ್ರಿಯನ್ನು ನಾವು ಮರೆಯಲಾರೆವು. ವೈದ್ಯರು ಹಿಂದಿನ ಪ್ರಮಾಣಕ್ಕೆ ಮರಳಿಸಿ, ಎರಡು ತಿಂಗಳು ಅಲ್ಲಿಯೇ ನಿಲ್ಲಿಸಿದರು.

ಜೊತೆಯಲ್ಲಿಯೇ ಅವರು ಅವ್ವನ ದಿನಚರಿಯನ್ನು ಬರೆಸಿ ನೋಡಿದರು. ರಾತ್ರಿ ಎಂಟಕ್ಕೆ ಹಾಸಿಗೆ, ಬೆಳಿಗ್ಗೆ ಐದಕ್ಕೆ ಏಳುವ ಆಸೆ, ಮಧ್ಯಾಹ್ನ ಎರಡು ಗಂಟೆ ನಿದ್ರೆ. “ಒಟ್ಟು ಹನ್ನೊಂದು ತಾಸಾಯಿತು. ಈ ವಯಸ್ಸಿನಲ್ಲಿ ಅಷ್ಟು ನಿದ್ರೆ ಎಲ್ಲಿಂದ ಬರಬೇಕು?” ಎಂದು ನಕ್ಕರು. ಮಧ್ಯಾಹ್ನದ ಮಲಗುವಿಕೆ ಅರ್ಧ ತಾಸಿಗೆ ಇಳಿಯಿತು. ಸಂಜೆ ಆರರ ಚಹಾ ನಿಂತಿತು. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆಯನ್ನು ಸಂಜೆಯ ಬದಲು ಬೆಳಿಗ್ಗೆಗೆ ಬದಲಿಸಿದರು. ಹಾಸಿಗೆಗೆ ಹೋಗುವುದು ಹತ್ತೂವರೆಗೆ ಎಂದಾಯಿತು. ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು ಬಂದು ಪಡಸಾಲೆಯಲ್ಲಿ ಕೂಡಬೇಕು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಇಂಥ ನಡವಳಿಕೆಯ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿಯೇ ಹೇಳಿದೆ.

ಅವ್ವ ಪಡಸಾಲೆಗೆ ಬಂದು ಕುಳಿತಾಗ ನಮ್ಮಿಬ್ಬರಲ್ಲಿ ಒಬ್ಬರು ಜೊತೆಗೆ ಕೂಡುವುದೆಂದು ಪಾಳಿ ಮಾಡಿಕೊಂಡೆವು. ಒಂದು ರಾತ್ರಿ ಅವ್ವ ಇದ್ದಕ್ಕಿದ್ದಂತೆ ಅಪ್ಪಾಜಿಯವರ ಕೊನೆಯ ದಿನದ ಮಾತು ತೆಗೆದಳು. ಅವರು ನೀರು ಕೇಳಿದ್ದರಂತೆ. ತರುವಷ್ಟರಲ್ಲಿ ಉಸಿರು ನಿಂತಿತ್ತಂತೆ. “ಒಂದ ಗುಟುಕ ನೀರ ಹಾಕಲಾರದಾದ್ನಿ” ಎಂದು ಗೊಳೋ ಎಂದು ಅತ್ತಳು. ಹತ್ತು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನಾವು ಯಾರೂ ಕೇಳಿರಲಿಲ್ಲ. 2009ರಲ್ಲಿ ಆಕೆ ನಡುರಾತ್ರಿ ಎದ್ದು ಕುಳಿತದ್ದು ಈ ಮಾತನ್ನು ಯಾರಿಗಾದರೂ ಹೇಳಬೇಕೆಂದು. ನಾವು ಆಕೆಗೆ ಗುಳಿಗೆ ಕೊಟ್ಟು ಮಲಗಿಸಿದೆವು. ನಿಜ ಹೇಳಬೇಕೆಂದರೆ ಆ ಗುಳಿಗೆಯಿಂದ ಸುಖವಾಗಿ ನಿದ್ರಿಸಿದವರು ನಾವು.

ಮರಳಿ ಬಂದದ್ದು, ಬಾರದೆ ಹೋದದ್ದು

ಒಟ್ಟು ಹದಿನಾಲ್ಕು ತಿಂಗಳು ಬೇಕಾಯಿತು. ಕೊನೆಯ ತುಣುಕು 2020ರ ಜೂನ್‌ನಲ್ಲಿ ನಿಂತಿತು. ಊರಿಗೆ ಊರೇ ಮನೆಯೊಳಗೆ ಕುಳಿತಿದ್ದ ಕಾಲವದು. ವೈದ್ಯರು ಫೋನಿನಲ್ಲಿಯೇ ಧೈರ್ಯ ಹೇಳಿದರು. ಆಮೇಲೆ ಅವ್ವ ರಾತ್ರಿ ಐದೂವರೆ, ಆರು ತಾಸು ಮಲಗುತ್ತಿದ್ದಳು. ಕೆಲವು ರಾತ್ರಿ ಅದಕ್ಕೂ ಕಡಿಮೆ. ಆದರೆ ನಸುಕಿನಲ್ಲಿ ಎದ್ದು, ಮಬ್ಬಿಲ್ಲದ ಕಣ್ಣಿನಿಂದ ಪೂಜೆಗೆ ಕೂಡುವಂತಾದಳು. ಮೊಮ್ಮಕ್ಕಳ ಹೆಸರುಗಳು ತಮ್ಮ ತಮ್ಮ ಸ್ಥಾನಕ್ಕೆ ಮರಳಿದವು. ಸೊಸೆ ಸಾರಿಗೆ ಉಪ್ಪು ಮರೆತರೆ ಮೊದಲಿನಂತೆ ಬೈಯತೊಡಗಿದಳು. ಆ ಬೈಗುಳ ನಮಗೆ ಆಶೀರ್ವಾದದಂತೆ ಕೇಳಿಸಿತು.

ಎಲ್ಲವೂ ಮರಳಲಿಲ್ಲ. ಕೋಲು ಕೊನೆಯವರೆಗೂ ಬಿಡಲಿಲ್ಲ. ಮಬ್ಬಿನಲ್ಲಿ ಕಳೆದುಹೋದ ವರ್ಷಗಳ ನೆನಪುಗಳಲ್ಲಿ ಅನೇಕವು ಬರಲೇ ಇಲ್ಲ. ಹಿರಿಯ ಮೊಮ್ಮಗಳ ಲಗ್ನದಲ್ಲಿ ಅಕ್ಷತೆ ಹಾಕಿದ್ದು ಆಕೆಗೆ ನೆನಪಿರಲಿಲ್ಲ. ಭಾವಚಿತ್ರ ತೋರಿಸಿದಾಗ, “ನಾನೂ ಬಂದಿದ್ನೇನು?” ಎಂದು ಕೇಳಿದಳು. 2023ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಅವ್ವ ಲಿಂಗೈಕ್ಯಳಾದಳು. ಕೊನೆಯ ಗಳಿಗೆಯವರೆಗೂ ಎಚ್ಚರವಿದ್ದಳು. ಬಾಯಿಗೆ ನೀರು ಹಾಕಿದೆವು.

ಬಂಧುಗಳಲ್ಲಿ ಅರಿಕೆ

ನಿಮ್ಮ ಮನೆಯಲ್ಲಿ ಇಂಥ ಗುಳಿಗೆ ನಡೆದಿದ್ದರೆ ದಯವಿಟ್ಟು ಇದನ್ನು ಓದಿ ಇಂದೇ ನಿಲ್ಲಿಸಬೇಡಿರಿ. ಒಮ್ಮೆಲೇ ನಿಲ್ಲಿಸುವುದು ಮುಂದುವರಿಸುವುದಕ್ಕಿಂತ ದೊಡ್ಡ ಅಪಾಯ. ಪಟ್ಟಿಯನ್ನೂ ಹಳೆಯ ಚೀಟಿಯನ್ನೂ ಹಿರಿಯರನ್ನೂ ಕೂಡಿಯೇ ವೈದ್ಯರ ಬಳಿಗೆ ಕರೆದೊಯ್ದು, “ಇದು ಇನ್ನೂ ಬೇಕೇ, ಬೇಡವಾದರೆ ಹೇಗೆ ಇಳಿಸುವುದು?” ಎಂದು ಕೇಳಿರಿ. ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ ಈ ಗುಳಿಗೆಯ ಹೆಸರನ್ನು ಮೊದಲು ಹೇಳಿರಿ. ಲಗ್ನದ ಮನೆಯಲ್ಲಿ ಯಾರಿಗೂ ಒಡೆದು ಕೊಡಬೇಡಿರಿ. ಹೊಸದಾಗಿ ಬರೆದುಕೊಟ್ಟಾಗ ಎಷ್ಟು ದಿನಕ್ಕೆ ಎಂದು ಕೇಳಿ, ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.

ಬಿಡಲು ಸಾಧ್ಯವೇ ಇಲ್ಲ ಎಂದು ಹತಾಶರಾಗಬೇಕಿಲ್ಲ. ಕ್ವಿಬೆಕ್‌ನಲ್ಲಿ ದೀರ್ಘಕಾಲ ಇವನ್ನು ಸೇವಿಸುತ್ತಿದ್ದ ಹಿರಿಯರಿಗೆ, ಅಪಾಯವನ್ನೂ ಇಳಿಸುವ ಕ್ರಮವನ್ನೂ ಸರಳವಾಗಿ ತಿಳಿಸುವ ಚಿಕ್ಕ ಪುಸ್ತಿಕೆಯೊಂದನ್ನು ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರು ತಿಂಗಳಲ್ಲಿ ನೂರಕ್ಕೆ 27 ಜನ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ನೂರಕ್ಕೆ 5 ಮಾತ್ರ. ತಿಳಿವಳಿಕೆಯೊಂದರಿಂದಲೇ ಇಷ್ಟು ಸಾಧ್ಯವಾಯಿತು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಮನೋವೈದ್ಯರ ನೆರವು ದೊರೆಯುತ್ತದೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. ಮನೆಯ ಹಿರಿಯರು ನಡುರಾತ್ರಿ ಎದ್ದು ಕುಳಿತರೆ, ಔಷಧದ ಡಬ್ಬಿಗೆ ಕೈ ಹಾಕುವ ಮೊದಲು ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಯಾಕೆ ನಿದ್ದೆ ಬಂದಿಲ್ಲ ಎಂದು ಕೇಳಿರಿ. ಉತ್ತರ ಬರಲು ಒಂದೆರಡು ರಾತ್ರಿ ಹಿಡಿಯಬಹುದು. ನಮಗೆ ಅದನ್ನು ಕೇಳಲು ಹತ್ತು ವರ್ಷ ಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ ಎಂಬುದೇ ನಮ್ಮ ಹಾರೈಕೆ.